ಮಂಗಳ ಹಾಡದ ಆಟ

ನ್ಯಾಲ್ಕಲ್
ಈಶ್ವರ ಸಂವತ್ಸರ, ಪುಷ್ಯ ಬಹುಳ ದಶಮಿ

ತಮ್ಮ ಶಾಂತಪ್ಪನಿಗೆ ಅಕ್ಕ ಸುಗಲಾಬಾಯಿಯ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯಲು ಕುಳಿತೆ, ಕೈ ಮುಂದೆ ಸಾಗಲಿಲ್ಲ. ಮೇಲಿನ ಆಶೀರ್ವಾದವನ್ನೂ ಅರ್ಧ ಮನಸ್ಸಿನಿಂದಲೇ ಕಳಿಸಿದ್ದೇನೆಂದು ತಿಳಿ. ಮಳೆಗಾಲ ಮುಗಿದಾಗಿನಿಂದ ನಮ್ಮ ಕಣದಲ್ಲಿ ಊರ ಗಂಡಸರನ್ನು ಕೂಡಿಸಿಕೊಂಡು ಕುಣಿಸಿದೆಯಲ್ಲ, ನೀನೇ ಕಟ್ಟಿದ ಆ ಬಯಲಾಟ, ಅದು ಬನದ ಹುಣ್ಣಿಮೆಗೆ ಆಯಿತು. ತಾಂಡೂರಿನ ಕಲ್ಲಿನ ಡಿಪೋದಿಂದ ಕರೆ ಬಂತೆಂದು ನೀನು ಆಟಕ್ಕೆ ಮುಂಚೆಯೇ ಓಡಿದೆ. ಒಳ್ಳೆಯದೇ ಆಯಿತು. ಇಲ್ಲಿದ್ದಿದ್ದರೆ ಹೆಂಗಸರು ಕಸಬರಿಗೆ ಹಿಡಿದು ನಿನ್ನನ್ನು ಹುಡುಕುತ್ತಿದ್ದರು.

ಆಟ ಚೆನ್ನಾಗಿಲ್ಲ ಅಂತ ಅಲ್ಲ. ರಾಜಕುಮಾರಿ ಹೇಮಾಂಗಿಯಾಗಿ ಕುರುಬರ ಅಮೋಘಸಿದ್ದ ಹೇಗೆ ಅತ್ತ ಎಂದರೆ, ಅವನ ಹೆತ್ತ ತಾಯಿ ಭೀಮವ್ವನೇ ಪಕ್ಕದವರಿಗೆ "ಯಾರ ಮಗಳ್ರಿ ಇಕಿ?" ಎಂದು ಕೇಳಿದಳು. ನಿನ್ನ ಮಾವ (ನಮ್ಮ ಯಜಮಾನರು) ಹೇಮಾಂಗಿಯ ಅಪ್ಪ ಗಜಕೇತು ರಾಜನಾಗಿ ಕಿರೀಟ ಇಟ್ಟುಕೊಂಡು ಬಂದಾಗ ನನಗೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಹಾಗಾಯಿತು. ತಾನು ಮೆಚ್ಚಿದ ಜಯಧೀರನನ್ನು ಕಂಡು ತಡವಾಗಿ ಬಂದ ಮಗಳ ಮುಖಕ್ಕೆ ಬಾಗಿಲು ಹಾಕಿ ಅಗಳಿ ಜಡಿದರು. ಬಾಗಿಲು ನಮ್ಮ ಹಿತ್ತಲದ್ದೇ, ನೀನೇ ಕೀಳಿಸಿ ಆಟದ ಅಟ್ಟಕ್ಕೆ ಒಯ್ಯಲು ಹೇಳಿದ್ದೆ. "ಅಪ್ಪಾ, ತೆಗಿ" ಎಂದು ಹುಡುಗಿ ಹಾಡಿನ ಮೇಲೆ ಹಾಡು ಹಾಡಿದಳು. ತೆಗೆಯಲಿಲ್ಲ. ಅವಳು ಬಾವಿಗೆ ಬಿದ್ದಳು. ಹುಡುಗ ಬಂದು ನೋಡಿ ಅವನೂ ಬಿದ್ದ.

ಆಗಲೇ ಗ್ಯಾಸ್ ಬತ್ತಿ ಉರುಳಿತು. ಪರದೆಗೆ ಹತ್ತಿದ ಬೆಂಕಿ ಪಾಟೀಲರ ಜೋಳದ ಕಣಿಕೆ ಬಣವೆಗೆ ಹಾರಿತು. ಸತ್ತವರಿಬ್ಬರೂ ಎದ್ದು ಓಡಿ ನೀರು ಸೇದಿದರು, ನಿನ್ನ ಮಾವ ಕಿರೀಟ ತೆಗೆಯದೆಯೇ ಕೊಡ ಹೊತ್ತರು. ಯಾರಿಗೂ ಏನೂ ಆಗಲಿಲ್ಲ, ಬಣವೆ ಮಾತ್ರ ಹೋಯಿತು. ಆ ಗದ್ದಲದಲ್ಲಿ ಮಂಗಳ ಹಾಡಲಿಲ್ಲ.

ಮಂಗಳ ಹಾಡದೆ ವೇಷ ಇಳಿಯುವುದಿಲ್ಲ ಎಂದು ಆಟ ಕಲಿಸುವ ಮಾಸ್ತರನಾದ ನಿನಗೆ ನಾನು ಹೇಳಬೇಕೆ? ಕೊಂದವರು, ಸತ್ತವರು ಎಲ್ಲ ಒಂದೇ ಸಾಲಿನಲ್ಲಿ ನಿಂತು ಹಾಡಿ ಆರತಿ ಮುಟ್ಟಿದ ಮೇಲಲ್ಲವೆ ರಾಜ ಹೋಗಿ ಮನುಷ್ಯನಾಗುವುದು? ನಾರಾಯಣಖೇಡದಿಂದ ಜನಾಬಾಯಿಯವರೂ ಆಟಕ್ಕೆ ಬಂದಿದ್ದರು, ಮಗ ಬಂಡೆಪ್ಪನನ್ನು ಕರೆದುಕೊಂಡು. ನಮ್ಮ ಮಗಳು ಕಾಂತಾಗೂ ಬಂಡೆಪ್ಪನಿಗೂ ನಿಶ್ಚಯವಾದದ್ದು ನಿನಗೆ ಗೊತ್ತು. ಮುಂಜಾನೆ ಉಡಿ ತುಂಬಿಸಿಕೊಳ್ಳದೆ ಬಂಡಿ ಹೂಡಿಸಿದರು. ಹೋಗುವಾಗ ಅಂಗಳದಲ್ಲಿ ನಿಂತು ಹೇಳಿದ್ದು ಇದು: "ಮಂಗಳ ಆಗಿಲ್ಲ. ಗಜಕೇತು ಇನ್ನಾ ರೇವಪ್ಪನ ಮೈಮ್ಯಾಲೆ ಅದಾನ. ಹೆತ್ತ ಮಗಳಿಗಿ ಬಾಗ್ಲಾ ತೆಗೀಲಾರದವನ ಮನಿ ಹೆಣ್ಣು ನಮಗ ಹ್ಯಾಂಗ ಬೇಕ್ರಿ?"

ಮದುವೆ ನಿಂತಿದೆ, ಶಾಂತಪ್ಪ. ಮುರಿದಿಲ್ಲ, ನಿಂತಿದೆ. ಸತ್ತ ಮೇಲೆ ಶಿವ ಪಾರ್ವತಿ ಬಂದು ಇಬ್ಬರನ್ನೂ ಎಬ್ಬಿಸುವ ಭಾಗ ಉಳಿದಿರಬೇಕಲ್ಲ, ಅದನ್ನು ಬಂದು ಆಡಿಸಿ ಹೋಗು. ಬಾರದಿದ್ದರೆ ಬರೆದು ಕಳಿಸು.

ನಿನ್ನ ಅಕ್ಕ
ಸುಗಲಾಬಾಯಿ

*

ತಾಂಡೂರು
ಫಸಲಿ ೧೩೪೭, ಇಸ್ಫಂದಾರ್ ೨೮

ಅಕ್ಕಾ, ಶರಣಾರ್ಥಿ.

ನಿನ್ನ ಪತ್ರ ಓದಿ, ಕೂತ ಕಲ್ಲಿನ ಮೇಲಿಂದ ಎದ್ದು ನಿಂತುಬಿಟ್ಟೆ. ಹೆತ್ತ ತಾಯಿಗೇ ಗುರುತು ಸಿಗಲಿಲ್ಲವೆ! ಆ ಸಾಲನ್ನು ಲಚ್ಚಮ್ಮನಿಗೆ ಎರಡೆರಡು ಸಲ ಓದಿ ಹೇಳಿದೆ. "ಸಾಕ್ ಬಿಡ್ರಿ, ರೊಟ್ಟಿ ಸುಡಾಕತ್ತಾವ" ಎಂದಳು. ಹೆಂಡತಿಗೆ ಕಲೆ ತಿಳಿಯುವುದಿಲ್ಲ. ಅತ್ತವರು ಹೆಂಗಸರಷ್ಟೇ ಏನು, ಗಂಡಸರೂ ಅತ್ತರೆ? ಪಾಟೀಲ ಹಣಮಂತರಾಯರು ಬಣವೆ ಸುಡುವುದಕ್ಕೆ ಮುಂಚೆಯೇ ಕಣ್ಣು ಒರೆಸಿಕೊಂಡರೆ? ನನ್ನ ಆಟವನ್ನು ನಾನೇ ನೋಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿದೆ, ಎಲ್ಲವನ್ನೂ ಬಿಡಿಸಿ ಬರೆ.

ಜನಾಬಾಯಿಯವರ ಸಿಟ್ಟನ್ನು ಮಾವನಿಗೆ ಹೊದಿಸಿದ ಶಾಲು ಎಂದು ತಿಳಿ. ಚೆನ್ನಾಗಿ ಆಡದವನ ಮೇಲೆ ಯಾರಾದರೂ ಸಿಟ್ಟಾಗುತ್ತಾರೆಯೆ? ಹತ್ತು ದಿನ ಹೋದರೆ ತಾವೇ ನಗುತ್ತಾರೆ.

ಆದರೂ ಗಜಕೇತು ಒಬ್ಬನೇ ಕೊಂದ ಅನ್ನುವುದು ಅನ್ಯಾಯ, ಇದನ್ನು ಅವರಿಗೆ ಹೇಳು. ಜಯಧೀರ ಹೊತ್ತಿಗೆ ಸರಿಯಾಗಿ ಬರುವೆನೆಂದು ಮಾತು ಕೊಟ್ಟವನು, ಕುದುರೆಗೆ ನೀರು ಕುಡಿಸುತ್ತ ನಿಂತ. ಸಖಿ ಎಲ್ಲ ಬಲ್ಲವಳು, ರಾಜನ ಮುಂದೆ ಬಾಯಿ ಬಿಡಲಿಲ್ಲ. ರಾಣಿ ಗಂಡನ ಬೆನ್ನ ಹಿಂದೆ ಸೆರಗು ಕಚ್ಚಿಕೊಂಡು ನಿಂತಳು. ಹುಡುಗಿಯಾದರೂ ಒಂದು ರಾತ್ರಿ ಜಗಲಿಯ ಮೇಲೆ ಮಲಗಿದ್ದರೆ ಬೆಳಗಾಗುತ್ತಿತ್ತು, ಅಪ್ಪನ ಸಿಟ್ಟೂ ಇಳಿಯುತ್ತಿತ್ತು. ಎಲ್ಲರೂ ಚೂರು ಚೂರು ಕೊಂದರು, ಅಕ್ಕಾ. ಹಾಗೆ ಹೊಂದಿಸಿ ಕಟ್ಟಲು ನಾನು ಎಷ್ಟು ಒದ್ದಾಡಿದ್ದೇನೆ ಗೊತ್ತೆ? ಯಾರೊಬ್ಬರು ಅಡ್ಡ ಬಂದರೂ ಸಾವು ತಪ್ಪಬೇಕು, ಆದರೆ ಯಾರೂ ಬರಬಾರದು.

ಉಳಿದ ಭಾಗದ ಮಾತು. ಅದು ನಾನಿಲ್ಲದೆ ಆಗುವುದಲ್ಲ. ಇಲ್ಲಿ ಸ್ಟೇಷನ್‌ನಲ್ಲಿ ವ್ಯಾಗನ್ ಬಂದು ನಿಂತಿವೆ, ಕಲ್ಲು ತುಂಬಿಸದೆ ಮಾಲಕರು ರಜೆ ಕೊಡುವುದಿಲ್ಲ. ನೋಡೋಣ.

ಕಾಂತಾಗೆ ಆಟ ಹಿಡಿಸಿತೆ? ಅವಳ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ.

ನಿನ್ನ ತಮ್ಮ
ಶಾಂತಪ್ಪ

*

ನ್ಯಾಲ್ಕಲ್
ಮಾಘ ಶುದ್ಧ ಅಷ್ಟಮಿ

ಶಾಂತ್ಯಾ,

ನಿನ್ನ ಪತ್ರವನ್ನು ಒಲೆಗೆ ಹಾಕಲು ಎದ್ದಿದ್ದೆ. ನಿನ್ನ ಮಾವನೇ ತಡೆದರು. "ಇರ್ಲಿ ಬಿಡು, ಹುಡ್ಗ ಚಂದಾಗಿ ಕಲಿಸ್ಯಾನ" ಎಂದರು. ನೋಡು, ನಿನ್ನಿಂದ ಇಷ್ಟೆಲ್ಲ ಅನುಭವಿಸುತ್ತಿರುವ ಮನುಷ್ಯ ಅವರು. ಶಾಲಂತೆ ಶಾಲು! ಆ ಶಾಲು ಹೊದ್ದು ಅವರು ಊರಲ್ಲಿ ತಿರುಗುವುದು ಹೇಗೆಂದು ಕೇಳು.

ಹೊಲಕ್ಕೆ ಹೊರಟರೆ "ಗಜಕೇತು ಮಹಾರಾಜ್ರು ಬಂದ್ರು" ಎನ್ನುತ್ತಾರೆ. ಮೊದಮೊದಲು ನಕ್ಕು ಹೇಳುತ್ತಿದ್ದರು. ಈಗ ನಗು ಹೋಗಿ ಹೆಸರು ಉಳಿದಿದೆ. ಬಾವಿ ಕಟ್ಟೆಯ ಮೇಲೆ ದಿನಾ ಪಂಚಾಯ್ತಿ. ಒಬ್ಬಳು ತಪ್ಪೆಲ್ಲ ಹುಡುಗನದು ಅನ್ನುತ್ತಾಳೆ, ಇನ್ನೊಬ್ಬಳು ಸಖಿಯ ನಾಲಿಗೆ ಸೇದಿತ್ತೇನು ಅನ್ನುತ್ತಾಳೆ. ಭೀಮವ್ವನಂತೂ ತನ್ನ ಮಗನನ್ನೇ ಯಾರೋ ಬಾವಿಗೆ ನೂಕಿದ ಹಾಗೆ ಕಣ್ಣೀರು ಹಾಕುತ್ತಾಳೆ. ಕೊನೆಗೆ ಎಲ್ಲರೂ ನಮ್ಮ ಮನೆಯ ಕಡೆಗೇ ನೋಡುತ್ತಾರೆ.

ನಿನ್ನ ಮಾವ ಯಾರಿಗೂ ಎದುರಾಡುವುದಿಲ್ಲ. ಆದರೆ ಒಂದು ಕೆಲಸ ಮಾಡಿದ್ದಾರೆ. ಆಟದ ಬಾಗಿಲನ್ನು ತಂದು ಹಿತ್ತಲಿಗೆ ಮತ್ತೆ ಕೂರಿಸಿದ ದಿನವೇ ಅದರ ಅಗಳಿ ಕಿತ್ತು ಮನೆಯ ಅಟ್ಟದ ಮೇಲೆ ಬಿಸಾಡಿದರು. "ಆ ಬಾಗ್ಲಾ ಹಾಕಾಕ ನನ್ನ ಕೈ ಬರವಲ್ದು" ಅನ್ನುತ್ತಾರೆ. ಈ ಥಂಡಿಯಲ್ಲಿ ಹಿತ್ತಲ ಬಾಗಿಲು ತೆರೆದೇ ಇರುತ್ತದೆ. ಊರ ನಾಯಿಗಳಿಗೆಲ್ಲ ದಾರಿ ಗೊತ್ತಾಗಿದೆ. ಮೊನ್ನೆ ಬುಟ್ಟಿಯ ರೊಟ್ಟಿ ಒಂದೂ ಉಳಿಯಲಿಲ್ಲ.

ಮಂಗಳ ಹಾಡಿ ಮುಗಿಸೋಣವೆಂದು ಎಲ್ಲ ಪಾತ್ರದವರನ್ನೂ ಒಂದು ಸಂಜೆ ಗುಡಿಯ ಮುಂದೆ ನಿಲ್ಲಿಸಿ ಹಾಡಿಸಿಯೂ ಆಯಿತು. ಜನಾಬಾಯಿಯವರಿಗೆ ಹೇಳಿ ಕಳಿಸಿದೆವು. ತಿರುಗಿ ಬಂದ ಮಾತು: "ಸತ್ತವ್ರು ಸತ್ತೇ ಅದಾರ, ಯಾತರ ಮಂಗಳ? ಹುಡ್ಗಿ ಜೀವಂತ ಅಪ್ಪನ ಮಗ್ಗಲಾಗ ನಿಂತು ಹಾಡ್ಲಿ, ನಾ ಬಂದು ನೋಡ್ತೀನಿ." ಅವರ ಮಾತೂ ಸರಿಯಾಗಿಯೇ ಇದೆ.

ಪಾಟೀಲರು ಒಪ್ಪಿದ್ದಾರೆ. "ದೀಪದ ಆಟ ನನ್ನೂರಾಗ ಬ್ಯಾಡ. ಮಾಡೋದಿದ್ರ ಬಿಸಲಾಗ ಮಾಡ್ರಿ" ಎಂದರು. ಹೋಳಿ ಹುಣ್ಣಿಮೆಗೆ ಅಂತ ಗೊತ್ತು ಮಾಡಿದ್ದೇವೆ. ಅದಾದ ಮೇಲೆ ಅಮೋಘಸಿದ್ದ ಕುರಿ ಹೊಡೆದುಕೊಂಡು ಮಂಜೀರಾ ದಂಡೆಗೆ ಹೋಗುತ್ತಾನೆ, ಮತ್ತೆ ಸಿಗುವುದಿಲ್ಲ. ಶಿವ ಬರುವ ಭಾಗ ಕಳಿಸು.

ಕಾಂತಾ ಆರಾಮ ಇದ್ದಾಳೆ.

ಸುಗಲಾಬಾಯಿ

*

ತಾಂಡೂರು
ಫರ್ವರ್ದಿ ೯

ಅಕ್ಕಾ, ಶರಣಾರ್ಥಿ.

ಮಾವನ ಸಂಗತಿ ಓದಿ ಬೇಸರವಾಯಿತು. ಅಗಳಿಗೆ ಪಾಪ ಏನು ಗೊತ್ತು? ಹಾಕಲು ಹೇಳು, ಥಂಡಿಗೆ ನೆಗಡಿಯಾದೀತು.

ಶಿವ ಬರುತ್ತಾನೆ ಎಂದು ಜನಾಬಾಯಿಯವರಿಗೆ ಹೇಳಿ ಕಳಿಸು, ಅಷ್ಟಕ್ಕೇ ಮನಸ್ಸು ಕರಗಬಹುದು. ಬರೆದು ಕಳಿಸುವುದು ಸ್ವಲ್ಪ ತಡವಾಗುತ್ತದೆ. ಕೈಬರಹ ಎಲ್ಲೋ ಪೆಟ್ಟಿಗೆಯ ತಳದಲ್ಲಿದೆ, ಪೆಟ್ಟಿಗೆಯ ಮೇಲೆ ಲಚ್ಚಮ್ಮ ಜೋಳದ ಚೀಲ ಇಟ್ಟಿದ್ದಾಳೆ. ಇಲ್ಲಿ ನಯವಾದ ನೀಲಿ ಕಲ್ಲು ಬಂದಿದೆ. ಮದುವೆಗೆ ನಿಮ್ಮ ಅಂಗಳಕ್ಕೆ ಹಾಸಲು ರೈಲಿನಲ್ಲಿ ಜಹೀರಾಬಾದ್‌ವರೆಗೆ ಕಳಿಸಲೆ?

ಕಾಂತಾ ಆರಾಮ ಎಂದು ಮೂರೇ ಮಾತು ಬರೆದಿದ್ದೀ. ಉಳಿದದ್ದಕ್ಕೆಲ್ಲ ಹಾಳೆ ತುಂಬಿಸುವವಳು ನೀನು. ನಿಜ ಹೇಳು.

ಶಾಂತಪ್ಪ

*

ನ್ಯಾಲ್ಕಲ್
ಮಾಘ ಬಹುಳ ಪಂಚಮಿ

ಶಾಂತಪ್ಪ,

ನಿಜ ನಾನು ಹೇಳಬೇಕೆ, ನೀನು ಹೇಳಬೇಕೆ?

ನಿನ್ನ ಕೈಬರಹ ಬರುವುದರೊಳಗೆ ನೆನಪಿದ್ದಷ್ಟನ್ನು ಕೂಡಿಸೋಣವೆಂದು ಅಮೋಘಸಿದ್ದನನ್ನು ಕರೆಸಿದೆ. ಶಿವನ ಪಾತ್ರ ಯಾರದಪ್ಪಾ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಶಿವನ ವೇಷ ಯಾರಿಗೂ ಕಲಿಸಿಲ್ರಿ ಅವ್ವಾ. ಮಾಸ್ತರ್ರು ನನಗ ಹೇಳಿದ್ದು ಇಷ್ಟ: ಬಾವ್ಯಾಗ ಬೀಳು, ಬಿದ್ದಲ್ಲೇ ಇರು, ಮಂಗಳಕ್ಕ ಎದ್ದು ಬಾ." ಜಯಧೀರ ಆದವನನ್ನು ಕೇಳಿದೆ, ಅವನದೂ ಅದೇ ಮಾತು.

ಪೆಟ್ಟಿಗೆಯೂ ಇಲ್ಲ, ಜೋಳದ ಚೀಲವೂ ಇಲ್ಲ. ಶಿವ ನಿನ್ನ ಆಟದಲ್ಲಿ ಯಾವತ್ತೂ ಇರಲಿಲ್ಲ. ನೀನು ಅವರನ್ನು ಸಾಯಿಸಿ ಕೈ ತೊಳೆದುಕೊಂಡು ರೈಲು ಹತ್ತಿದೆ. ಜಯಧೀರನ ಕುದುರೆಗೂ ಪಾಲು ಹಂಚಿದೆಯಲ್ಲೋ, ನಿನ್ನ ಪಾಲು ಎಲ್ಲಿಟ್ಟೆ?

ಈಗ ಕಾಂತಾನ ಸಂಗತಿ ಕೇಳು. ಬರೆಯಬಾರದು ಅಂದುಕೊಂಡಿದ್ದೆ. ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿಕೆ. ಮೊನ್ನೆ ಸಂಜೆ ನೀರಿಗೆ ಹೋದವಳು ಹೊತ್ತು ಮುಳುಗುತ್ತ ಬಂದರೂ ಬರಲಿಲ್ಲ. ನಿನ್ನ ಮಾವ ಓಡಿದರು, ಹಿಂದೆ ನಾನು. ಬಾವಿಯ ಕೊನೆಯ ಮೆಟ್ಟಿಲ ಮೇಲೆ ಕೂತು ನೀರಲ್ಲಿ ಕಾಲು ಬಿಟ್ಟಿದ್ದಳು. ಕೊಡ ತೇಲಿಕೊಂಡು ಆಚೆ ದಂಡೆಗೆ ಹೋಗಿತ್ತು. "ಏನ್ ಮಾಡಾಕತ್ತೀ ಕಾಂತಾ?" ಎಂದರು. "ಏನಿಲ್ಲಪ್ಪಾ. ಹೇಮಾಂಗಿ ಬೀಳಾಕ ಮುಂಚೆ ಎಷ್ಟೊತ್ತು ಕುಂತಿರಬೇಕು ಅಂತ ನೋಡಾಕತ್ತಿದ್ದೆ" ಎಂದಳು.

ನಿನ್ನ ಮಾವ ನೀರಿಗೆ ಇಳಿದು ಕೊಡ ತಂದರು, ತುಂಬಿದರು, ಹೆಗಲ ಮೇಲೆ ಇಟ್ಟುಕೊಂಡು ಮಗಳ ಹಿಂದೆ ಹಿಂದೆ ಮನೆಗೆ ಬಂದರು. ಗಂಡಸು ಕೊಡ ಹೊತ್ತು ಬಂದದ್ದನ್ನು ಓಣಿಯೆಲ್ಲ ನೋಡಿತು. ಆ ದಿನದಿಂದ ನಾನು ಅವಳನ್ನು ನೀರಿಗೆ ಕಳಿಸಿಲ್ಲ.

ಬಂಡೆಪ್ಪ ಹುಡುಗನಾಗಿದ್ದಾಗಿನಿಂದ ನಮ್ಮ ಹೊಲಕ್ಕೆ ಎಳೆ ಜೋಳದ ಸೀತನಿ ತಿನ್ನಲು ಬರುತ್ತಿದ್ದ. ಈ ಸಲವೂ ಆಟದ ದಿನ ಅವಳು ಸೀತನಿ ಸುಟ್ಟು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದಳು, ಕೊಡಲು ಹೊತ್ತು ಸಿಗಲಿಲ್ಲ. ಆ ಗಂಟು ಇನ್ನೂ ಅವಳ ಪೆಟ್ಟಿಗೆಯಲ್ಲಿದೆ. ಅಲ್ಲಿ ಅವನೂ ಊಟ ಬಿಟ್ಟಿದ್ದಾನೆಂದು ಜಹೀರಾಬಾದ್ ಸಂತೆಗೆ ಬಂದವರು ಹೇಳಿದರು. ಅವ್ವನ ಎದುರು ಮಾತಾಡುವ ಹುಡುಗನಲ್ಲ ಅವನು.

ನಿನಗೆ ಕಲ್ಲು ಕಳಿಸಲು ರೈಲು ಇದೆ. ಎರಡು ಜೀವ ತಿರುಗಿ ಕಳಿಸಲು ಏನಾದರೂ ಇದೆಯೇನು?

ಸುಗಲಾಬಾಯಿ

*

ನ್ಯಾಲ್ಕಲ್
ಮಾಘ ಬಹುಳ ಚತುರ್ದಶಿ

ಶಾಂತಪ್ಪ,

ಉತ್ತರ ಬರಲಿಲ್ಲ. ಇವತ್ತು ಶಿವರಾತ್ರಿ, ಕಾಂತಾ ಉಪವಾಸ ಇದ್ದಾಳೆ. ಅದು ಇವತ್ತಿನದೋ, ಮುಂಚಿನಿಂದ ನಡೆದದ್ದೋ ನನಗೆ ತಿಳಿಯುತ್ತಿಲ್ಲ.

ಸುಗಲಾಬಾಯಿ

*

ತಾಂಡೂರು
ಅರ್ದಿಬಿಹಿಶ್ತ್ ೧

ಅಕ್ಕಾ,

ಬೈಗುಳದ ಪತ್ರಕ್ಕೆ ಉತ್ತರ ಹುಡುಕುತ್ತಲೇ ಇದ್ದೆ. ಶಿವರಾತ್ರಿಯ ಚೀಟಿ ಬಂದ ಮೇಲೆ ಹುಡುಕುವುದು ಬಿಟ್ಟೆ.

ಹೌದು, ಶಿವ ಇರಲಿಲ್ಲ. ಯಾಕೆ ಇಡಲಿಲ್ಲ ಕೇಳು. ನಾನು ಕಂಡ ಆಟಗಳಲ್ಲೆಲ್ಲ ಕೊನೆಗೆ ಶಿವ ಬರುತ್ತಾನೆ, ವಿಭೂತಿ ಎರಚುತ್ತಾನೆ, ಸತ್ತವರು ಮೈ ಮುರಿಯುತ್ತ ಏಳುತ್ತಾರೆ. ಜನ ಕಂಬಳಿ ಕೊಡವಿಕೊಂಡು ನಗುತ್ತ ಹೋಗುತ್ತಾರೆ, ಮುಂಜಾನೆ ಹಲ್ಲುಜ್ಜುವುದರೊಳಗೆ ಎಲ್ಲ ಮರೆತಿರುತ್ತಾರೆ. ನನ್ನದೊಂದು ಆಟವನ್ನಾದರೂ ಮರೆಯಬಾರದು ಅಂತ ಇತ್ತು. ಮರೆಯಲಿಲ್ಲ. ನೀನು ಮೊದಲ ಪತ್ರ ಬರೆದಾಗ ನಾನು ಎಷ್ಟು ಹಿಗ್ಗಿದೆ ಎಂದು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ. ಕಾಂತಾ ನನ್ನ ತೊಡೆಯ ಮೇಲೆ ಆಡಿದ ಕೂಸು. ಅವಳು ಬಾವಿಯ ಮೆಟ್ಟಿಲಿಗೆ ಹೋಗುವ ದಾರಿಯನ್ನು ನಾನು ಹ್ಯಾಗೆ ತೋರಿಸಿಕೊಟ್ಟೆ? ಲಚ್ಚಮ್ಮನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದು ನಿಲ್ಲಿಸಿ, "ನೀವು ಅವ್ರನ್ನ ಸಾಯಿಸಿದ್ರಿ, ಹೆಸರು ರೇವಪ್ಪ ಮಾವಗ ಬಂತು" ಎಂದಳು. ಕಲೆ ತಿಳಿಯದವಳು ಅಂತ ಬರೆದಿದ್ದೆನಲ್ಲ.

ಶಿವನನ್ನು ಕರೆಸಲು ಕೂತೆ, ಬರಲಿಲ್ಲ. ಎಷ್ಟು ಹಾಡು ಕಟ್ಟಿದರೂ ಬಾವಿಯಿಂದ ಎದ್ದ ಹುಡುಗಿ ಗೊಂಬೆಯಾಗಿಯೇ ಏಳುತ್ತಾಳೆ. ಆಮೇಲೆ ತಿಳಿಯಿತು, ಅವಳು ಬೀಳುವುದೇ ಬೇಡ. ಇದರ ಜೊತೆಗೆ ಹೊಸ ಹಾಳೆಗಳಿವೆ. ಬಾಗಿಲ ಹೊರಗೆ ಹೇಮಾಂಗಿಯ ಮೂರನೆಯ ಹಾಡು ಮುಗಿದ ಕೂಡಲೇ ಗಜಕೇತು ಬಾಗಿಲ ಒಳಗೆ ನಿಂತು ಪಶ್ಚಾತ್ತಾಪದ ಮಾತು ಆಡುತ್ತಾನೆ, ಅಗಳಿ ತೆಗೆಯುತ್ತಾನೆ, ಅಪ್ಪ ಮಗಳು ಕೂಡುತ್ತಾರೆ. ಮಾತು ಸ್ವಲ್ಪ ಉದ್ದವಾಗಿದೆ, ಮಾವನಿಗೆ ದಿನಾ ಓದಿ ಹೇಳು. ಸರಿಯಾಗಿ ಆಡಿಸಿ. ನನಗೆ ನಿಮ್ಮ ಎದುರು ಬರುವ ಮುಖವಿಲ್ಲ, ಆದದ್ದನ್ನು ಬರೆ. ಕಾಂತಾನನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡ.

ಶಾಂತಪ್ಪ

*

ನ್ಯಾಲ್ಕಲ್
ಫಾಲ್ಗುಣ ಬಹುಳ ತದಿಗೆ

ನನ್ನ ತಮ್ಮ ಶಾಂತಪ್ಪನಿಗೆ ಆಶೀರ್ವಾದ. ಈ ಸಲ ಪೂರಾ ಮನಸ್ಸಿನಿಂದ.

ಮೊದಲು ಹೇಳಿಬಿಡುತ್ತೇನೆ, ಆರಾಮ ಓದು: ಕಾಂತಾ ಈಗ ಅಡುಗೆಮನೆಯಲ್ಲಿ ಕೂತು ಎರಡನೆಯ ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ. ಇನ್ನು ನಿಧಾನವಾಗಿ ಬರೆಯುತ್ತೇನೆ.

ಹಗಲಾಟ ನೋಡಿದ್ದೀಯೇನು? ದೇವರು ಯಾರಿಗೂ ತೋರಿಸಬಾರದು. ಬಿಸಿಲಿಗೆ ಅರದಾಳದ ಬಣ್ಣ ಇಳಿದು ಎಲ್ಲರ ಕೊರಳೂ ಹಳದಿ. ಭುಜದ ಬಂಗಾರವೆಲ್ಲ ಬೇಗಡೆ ಎಂದು ಹುಡುಗರಿಗೂ ಗೊತ್ತಾಯಿತು. ಅಮೋಘಸಿದ್ದ ಇನ್ನು ಆಟವಿಲ್ಲವೆಂದು ಮೀಸೆ ಬಿಟ್ಟಿದ್ದ, ಬೋಳಿಸಲು ಒಪ್ಪಲಿಲ್ಲ, ಸೆರಗು ಮುಚ್ಚಿಕೊಂಡೇ ಹೇಮಾಂಗಿಯಾದ. ಜನಾಬಾಯಿಯವರು ನಾರಾಯಣಖೇಡದಿಂದ ಮಗನನ್ನು ಕರೆದುಕೊಂಡು ಬಂದು ಅಟ್ಟದ ಮುಂದೆಯೇ ಕಂಬಳಿ ಹಾಸಿ ಕೂತರು. ಬಂಡೆಪ್ಪ ಅರ್ಧ ಆಗಿದ್ದಾನೆ, ಅಂಗಿ ಹೆಗಲಿಂದ ಜಾರುತ್ತಿತ್ತು. ನಾನು ಕಾಂತಾನ ಕೈ ಹಿಡಿದುಕೊಂಡೇ ಕೂತೆ. ನೀನು ಹೇಳಿದ್ದಕ್ಕಲ್ಲ, ನನಗೇ ಬಿಡಲು ಧೈರ್ಯ ಇರಲಿಲ್ಲ.

ನಿನ್ನ ಮಾವ ಮುಂಜಾನೆ ಮನೆಯ ಅಟ್ಟದ ಮೇಲಿಂದ ಅಗಳಿ ಹುಡುಕಿ ತಾವೇ ಬಾಗಿಲಿಗೆ ಜಡಿದಿದ್ದರು. ಆಟದಲ್ಲಿ ಅದನ್ನು ಹಾಕುವ ಮುಂಚೆ ಒಮ್ಮೆ ಕಾಂತಾನ ಕಡೆ ನೋಡಿದ್ದು ಬಿಸಿಲಲ್ಲಿ ಎಲ್ಲರಿಗೂ ಕಂಡಿತು. ಹುಡುಗಿ ಹಾಡಿದಳು. ಮೂರು ಹಾಡೂ ಮುಗಿದವು. ಇನ್ನು ನಿನ್ನ ಪಶ್ಚಾತ್ತಾಪದ ಮಾತು ಬರಬೇಕು.

ಬರಲಿಲ್ಲ. ಶಾಂತಪ್ಪ, ದಿನಾ ಸಂಜೆ ಓದಿ ಹೇಳಿದ್ದೆ, ದನಗಳ ಮುಂದೆಯೂ ಅಂದು ಅಂದು ಬಾಯಿಪಾಠ ಮಾಡಿದ್ದರು. ಅಟ್ಟದ ಮೇಲೆ ಒಂದಕ್ಷರ ನೆನಪಾಗಲಿಲ್ಲ. ಅಗಳಿಯ ಮೇಲೆ ಕೈ ಇಟ್ಟು ನಿಂತರು, ಬಾಯಿ ತೆರೆದರು, ಮುಚ್ಚಿದರು. ಹಿಂದಿನಿಂದ ಹಾಡುವವರು ಹೇಳಿಕೊಟ್ಟರೂ ಕಿವಿಗೆ ಬೀಳಲಿಲ್ಲ. ಅಮೋಘಸಿದ್ದ ಮೊದಲನೆಯ ಹಾಡನ್ನು ಮತ್ತೆ ಹಾಡಿದ. ಆಗಲೂ ಇಲ್ಲ. ಏನು ಮಾಡಬೇಕು ಅವನು? ನೀನು ಮೊದಲು ಕಲಿಸಿದ್ದೇ ಕಾಲಿಗೆ ನೆನಪಿತ್ತು. ಬಾವಿಯ ಕಡೆಗೆ ತಿರುಗಿದ.

ಎರಡು ಮಂಚಕ್ಕೆ ಕಂಬಳಿ ಹೊದಿಸಿ ಮಾಡಿದ ಬಾವಿ ಅದು, ನನ್ನ ಕೈಯಾರೆ ಹೊದಿಸಿದ್ದು. ಆದರೂ ಅವನು ಅದರತ್ತ ಒಂದೊಂದೇ ಹೆಜ್ಜೆ ಇಡುವಾಗ ನಾನು ಕಾಂತಾನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಊರಿಗೆ ಊರೇ ಸುಮ್ಮನೆ ಕೂತಿತ್ತು, ಹೋದ ಸಲದ ಹಾಗೆಯೇ.

ಕಾಂತಾ ನನ್ನ ಕೈ ಕೊಸರಿಕೊಂಡು ಎದ್ದು ನಿಂತಳು. "ಅಪ್ಪಾ, ತೆಗಿ!" ಎಂದು ಕೂಗಿದಳು.

ಹುಡುಗಿಗೆ ಅಂಥ ದನಿ ಇದೆಯೆಂದು ಹೆತ್ತ ನನಗೇ ಗೊತ್ತಿರಲಿಲ್ಲ. ಆಚೆ ಬಂಡೆಪ್ಪ ಎದ್ದ. "ತೆಗೀರಿ ಮಾವಾ!" ಎಂದ. ಅವ್ವನ ಪಕ್ಕದಲ್ಲಿಯೇ ನಿಂತು ಕೂಗಿದ, ನೋಡು. ಜನಾಬಾಯಿಯವರು ಮಗನ ಮುಖ ನೋಡಿದರು, ಕಾಂತಾನ ಮುಖ ನೋಡಿದರು. ಆಮೇಲೆ ಮೊಣಕಾಲ ಮೇಲೆ ಕೈ ಊರಿ ಎದ್ದು, ಅಟ್ಟದ ಕಡೆ ಕೈ ಚಾಚಿ, "ಏ ರೇವಪ್ಪಾ! ನಿಂದ್ರತೀಯೇನೋ ಹಂಗೇ? ಹುಡ್ಗಿ ಹೊಂಟಾಳ ನೋಡೋ! ತೆಗಿ ಬಾಗ್ಲಾ!" ಎಂದು ಅರಚಿದರು. ಗಜಕೇತು ಅನ್ನಲಿಲ್ಲ, ರೇವಪ್ಪಾ ಅಂದರು. ಅಷ್ಟು ಆದದ್ದೇ ತಡ, ಕೂತವರು ಯಾರೂ ಕೂತಿರಲಿಲ್ಲ. ಭೀಮವ್ವ ಅಟ್ಟ ಹತ್ತಿ ಮಗನ ಸೀರೆ ಹಿಡಿದು ಎಳೆದಳು, ಬಾವಿಗೆ ಬೀಳದ ಹಾಗೆ.

ನಿನ್ನ ಮಾವ ಅಗಳಿ ಕಿತ್ತು ಒಗೆದರು. ಒಗೆದ ರಭಸಕ್ಕೆ ಬಾಗಿಲೇ ಉರುಳಿ ಬಿತ್ತು. ಅದರ ಮೇಲೆ ಕಾಲಿಟ್ಟು ಓಡಿ ಬಂದು ಆ ಮೀಸೆಯ ಹೇಮಾಂಗಿಯನ್ನು ಅಪ್ಪಿಕೊಂಡು, "ಬಾ ಕಾಂತಾ, ಬಾ ನಮ್ಮವ್ವಾ, ಮನಿಗಿ ಬಾ" ಎಂದು ಹೋ ಎಂದು ಅತ್ತರು. ಅಮೋಘಸಿದ್ದನೂ ಅತ್ತ. ಅಷ್ಟರಲ್ಲಿ ಜಯಧೀರ ಕತ್ತಿ ಹಿಡಿದು ಓಡಿ ಬಂದ. ಸಾಯಲು ಬಂದವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಎಲ್ಲರ ಮುಖ ನೋಡುತ್ತ ನಿಂತ, ಊರು ನಕ್ಕಿತು.

ಮಂಗಳ ಹಾಡಿದರು. ಅಪ್ಪನ ಒಂದು ಮಗ್ಗುಲಲ್ಲಿ ಹೇಮಾಂಗಿ, ಇನ್ನೊಂದು ಮಗ್ಗುಲಲ್ಲಿ ಕಾಂತಾ. ಅವಳನ್ನು ಅಟ್ಟಕ್ಕೆ ಹತ್ತಿಸಿದವರು ಜನಾಬಾಯಿಯವರೇ. ಆರತಿ ತಟ್ಟೆ ಹಿಡಿದು ಬೆಳಗಿ, ನಿನ್ನ ಮಾವನ ತಲೆಯಿಂದ ಕಿರೀಟವನ್ನು ತಮ್ಮ ಕೈಯಾರೆ ಇಳಿಸಿದರು. "ಇಳೀತು ನೋಡ್ರಿ. ಇನ್ನ ಇವ್ರು ನಮ್ಮ ಬೀಗ್ರು" ಎಂದರು. ಉಡಿ ತುಂಬಿಸಿಕೊಂಡೇ ಹೋದರು. ಯುಗಾದಿ ಆದ ಮೇಲೆ ಮದುವೆ. ಆ ಹಳೆಯ ಸೀತನಿ ಗಂಟು ಬಂಡೆಪ್ಪನ ಕೈ ಸೇರಿದ್ದನ್ನು ನಾನು ಕಂಡೆ, ಕಾಣದವಳ ಹಾಗೆ ಇದ್ದೆ. ಕಲ್ಲಿನಂತೆ ಗಟ್ಟಿಯಾಗಿರಬೇಕು, ಕಟಕಟ ಅಗಿಯುತ್ತ ಬಂಡಿ ಹತ್ತಿದ.

ಇನ್ನೊಂದು ಮಾತು. ಕೊಂದವರು ಯಾರು ಎಂದು ನೀನು ಪಾಲು ಹಂಚಿದ್ದೆ. ನಾನು ನಿನ್ನ ಪಾಲು ಕೇಳಿ ಬೈದೆ. ಈಗ ನನಗೆ ಹೋದ ಸಲದ ಆಟ ನೆನಪಾಗುತ್ತಿದೆ. ಅವತ್ತೂ ನಾನು ಮುಂದೆಯೇ ಕೂತಿದ್ದೆ, ಕೈ ಚಾಚಿದರೆ ಬಾಗಿಲು ಸಿಗುತ್ತಿತ್ತು. ಹುಡುಗಿ ಬಾವಿಗೆ ಹೋಗುತ್ತಾಳೆ ಎಂದು ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಕಡಲೆ ತಿನ್ನುತ್ತ, ಕಣ್ಣೀರು ಒರೆಸುತ್ತ ನೋಡಿದೆವು. ನಿನ್ನ ಲೆಕ್ಕದಲ್ಲಿ ಕುದುರೆ ಇತ್ತು, ನಾವು ಇರಲಿಲ್ಲ.

ಮದುವೆಗೆ ಬಾ. ನಿನ್ನ ಮಾವ "ಮಾಸ್ತರ್ ಬರ್ಲಾರದ ಮದಿವಿ ಯಾತರ್ದು?" ಅನ್ನುತ್ತಿದ್ದಾರೆ. ಲಚ್ಚಮ್ಮನನ್ನು ಕರೆದುಕೊಂಡು ಬಾ, ಕಲೆ ತಿಳಿದವಳು ಅವಳು. ನಿನ್ನೆ ನಿನ್ನ ಮಾವ ಹಿತ್ತಲ ಬಾಗಿಲಿಗೆ ಅಗಳಿ ಹಾಕಿಯೇ ಮಲಗಿದರು. ನಾಯಿಗಳು ಹೊರಗೆ ಬೊಗಳಿ ಬೊಗಳಿ ಹೋದವು.

ನಿನ್ನ ಅಕ್ಕ
ಸುಗಲಾಬಾಯಿ

*

ತಾಂಡೂರು
ಅರ್ದಿಬಿಹಿಶ್ತ್ ೧೮

ಅಕ್ಕಾ, ಶರಣಾರ್ಥಿ.

ಬೆಣ್ಣೆ ಹಚ್ಚಿದ ರೊಟ್ಟಿಯವರೆಗೆ ಓದಿ ಪತ್ರ ಮಡಚಿ ಇಟ್ಟೆ. ಸ್ವಲ್ಪ ಹೊತ್ತು ಡಿಪೋದ ಹಿಂದೆ ಹೋಗಿ ಕೂತು, ಮುಖ ತೊಳೆದುಕೊಂಡು ಬಂದು ಉಳಿದದ್ದು ಓದಿದೆ. ರಜೆ ಸಿಕ್ಕಿದೆ. ಕಲ್ಲು ರೈಲಿಗೆ ಹಾಕಿಸಿದ್ದೇನೆ, ಜಹೀರಾಬಾದ್‌ಗೆ ಬಂಡಿ ಕಳಿಸಿ. ಮದುವೆಗೆ ಎರಡು ದಿನ ಮುಂಚೆಯೇ ನಾವಿಬ್ಬರೂ ಬರುತ್ತೇವೆ. ಮಾವ ನನ್ನ ಮಾತನ್ನೆಲ್ಲ ಮರೆತು ನಿಂತದ್ದು ಎಂಥ ಒಳ್ಳೆಯದಾಯಿತು! ಆ ಉದ್ದ ಮಾತನ್ನು ಹರಿದು ಹಾಕು.

ಬಶೀರಾಬಾದ್‌ನವರು ಬಂದಿದ್ದರು. ಹಗಲಾಟದ ಸುದ್ದಿ ಅಲ್ಲಿಯವರೆಗೂ ಹೋಗಿದೆ, ಮುಂದಿನ ವರ್ಷ ತಮ್ಮೂರಲ್ಲಿ ಆಡುತ್ತೇವೆ, ಬರೆದು ಕೊಡಿ ಎಂದರು. ಹಳೆಯ ಕೊನೆ ಕೊಡಲೋ ಹೊಸದು ಕೊಡಲೋ ಎಂದು ರಾತ್ರಿಯೆಲ್ಲ ಯೋಚಿಸಿದೆ. ಮೂರನೆಯ ಹಾಡಿನವರೆಗೆ ಬರೆದು ಕೊಟ್ಟಿದ್ದೇನೆ. ಮುಂದೇನು ಎಂದು ಕೇಳಿದರು. ಮುಂದಿನದು ಎದುರು ಕೂತವರದು ಎಂದೆ. ಅವರು ಸುಮ್ಮನೆ ಕೂತರೆ ಹುಡುಗಿ ಸಾಯುತ್ತಾಳೆ, ಇದನ್ನು ಆಟ ಶುರುವಾಗುವ ಮುಂಚೆಯೇ ಊರಿಗೆಲ್ಲ ಹೇಳಿಬಿಡಿ ಎಂದೆ.

ನಿನ್ನ ತಮ್ಮ
ಶಾಂತಪ್ಪ